ಸಿಂಡ್ರೆಲಾ ಬ್ಯಾಡಗಿಯ ಹುಡುಗನಾದರೆ: ಹಳೆ ಕಥೆಯಲ್ಲಿ ಗಂಡು-ಹೆಣ್ಣಿನ ಪಾತ್ರ ಅದಲು ಬದಲು ಮಾಡಿ ಬರೆಯುವುದು ಹೇಗೆ

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಕುದುರೆ ಏರಿ ಖಡ್ಗ ಹಿಡಿದ ಹೆಂಗಸನ್ನು ದಿನಾ ನೋಡುತ್ತಾ ಬಸ್ಸು ಹಿಡಿಯುವವರು ನಾವು. 1824ರಲ್ಲಿ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದ ರಾಣಿ ಆಕೆ. ಹಾಗಾಗಿ "ನನ್ನ ಕಥೆಯಲ್ಲಿ ರಾಜಕುಮಾರಿನೇ ಖಡ್ಗ ಹಿಡಿದು ರಾಕ್ಷಸನನ್ನು ಕೊಲ್ತಾಳ ನೋಡ್ರಿ" ಅಂತ ಯಾರಾದರೂ ಹೇಳಿದರೆ ಈ ಕಡೆಯ ಓದುಗರಿಗೆ ದೊಡ್ಡ ಆಶ್ಚರ್ಯ ಏನೂ ಆಗುವುದಿಲ್ಲ.

ಕಷ್ಟ ಇರುವುದು ಹುಡುಗನ ಕಡೆ. ಅವನು ಒಲೆ ಮುಂದೆ ಕೂರಬೇಕು. ಯಾರೋ ಬಂದು ಮೇಲಿಂದ ಕೆಳಗೆ ನೋಡಿ ಒಪ್ಪುವ ತನಕ ಕಾಯಬೇಕು. ಮದುವೆ ಆದಮೇಲೆ ಹುಟ್ಟಿದ ಮನೆ ಬಿಡಬೇಕು. ಅವನು ನಗೆಪಾಟಲಾಗದ ಹಾಗೆ, ಓದುವವರು ಅವನ ಪರ ನಿಲ್ಲುವ ಹಾಗೆ ಬರೆಯುವುದು ಸುಲಭ ಅಲ್ಲ. ಈ ಮಾರ್ಗದರ್ಶಿ ಹೆಚ್ಚಾಗಿ ಅದರ ಬಗ್ಗೆಯೇ. ಒಂದೇ ಕಥೆ ಇಟ್ಟುಕೊಂಡು ಕೊನೆತನಕ ಹೋಗೋಣ. ಕಥೆ ಸಿಂಡ್ರೆಲಾ, ಊರು ಹಾವೇರಿ ಜಿಲ್ಲೆಯ ಬ್ಯಾಡಗಿ, ಹುಡುಗನ ಹೆಸರು ಬಸವ. ಮನೆಯವರು ಕರೆಯುವುದು 'ಬೂದಿ ಬಸ್ಯಾ' ಅಂತ.

1. ಮೂಲ ಕಥೆಯನ್ನು ಮತ್ತೆ ಓದಿ

ನಮಗೆ ನೆನಪಿರುವುದು ಸಾಮಾನ್ಯವಾಗಿ ಕಾರ್ಟೂನಿನ ಕಥೆ. ಅದನ್ನು ಬಿಟ್ಟು ಹಿಂದಕ್ಕೆ ಹೋಗಿ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಗಾಜಿನ ಚಪ್ಪಲಿ, ಕುಂಬಳಕಾಯಿ ಸಾರೋಟು, ವರ ಕೊಡುವ ದೇವತೆ ಇದ್ದಾರೆ. ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕ ಬಂದದ್ದು 1812ರಲ್ಲಿ. ಅವರ ಕಥೆ ಇನ್ನೂ ಒರಟು. ದೇವತೆ ಇಲ್ಲ, ಅಮ್ಮನ ಸಮಾಧಿ ಮೇಲೆ ಬೆಳೆದ ಮರ, ಅದರ ಮೇಲೆ ಬಂದು ಕೂರುವ ಹಕ್ಕಿ ಇದೆ. ಮಲತಾಯಿ ಬೂದಿಯಲ್ಲಿ ಬೇಳೆ ಚೆಲ್ಲಿ ಆರಿಸು ಅನ್ನುತ್ತಾಳೆ. ಚಪ್ಪಲಿ ಹಿಡಿಸಲಿ ಅಂತ ಒಬ್ಬ ಅಕ್ಕ ಕಾಲ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ.

ನಮ್ಮ ಕಡೆಯೂ ಇದರ ನೆಂಟಸ್ತಿಕೆಯ ಕಥೆ ಇದೆ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಉತ್ತರ ಕರ್ನಾಟಕದಲ್ಲಿ ಕೇಳಿ ಬರೆದುಕೊಂಡ 'ಹಂಚಿ'. ಬಂಗಾರದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು ಬಂದು, ಸಾಹುಕಾರರ ಮನೆಯಲ್ಲಿ ಕೆಲಸಕ್ಕೆ ನಿಲ್ಲುವ ಕಥೆ. ಇನ್ನೊಂದು ವಿಷಯ ಗೊತ್ತಿರಲಿ: ಬೂದಿ ಪಕ್ಕ ಕೂರುವ ಹುಡುಗ ನಿಮ್ಮ ಹೊಸ ಶೋಧ ಅಲ್ಲ. ನಾರ್ವೆಯ ಜನಪದ ಕಥೆಗಳಲ್ಲಿ ಆಸ್ಕೆಲಾಡನ್ ಅನ್ನುವ ಕಿರಿಮಗ ಇದ್ದಾನೆ, ಅವನೂ ಒಲೆ ಬೂದಿ ಕೆದಕುತ್ತಾ ಕೂರುವವನೇ. ಆದರೆ ಅವನು ಕೊನೆಗೆ ಎದ್ದು ಹೊರಟು, ಜಾಣತನದಿಂದ ರಾಜಕುಮಾರಿಯನ್ನೂ ಅರ್ಧ ರಾಜ್ಯವನ್ನೂ ಗೆದ್ದು ಬರುತ್ತಾನೆ. ಬೂದಿಯಲ್ಲಿ ಕೂತ ಹುಡುಗ ಗೆಲ್ಲಲು ಹೊರಡುತ್ತಾನೆ, ಬೂದಿಯಲ್ಲಿ ಕೂತ ಹುಡುಗಿ ಯಾರಾದರೂ ಹುಡುಕಿಕೊಂಡು ಬರಲಿ ಅಂತ ಕಾಯುತ್ತಾಳೆ. ನೀವು ಕೈ ಹಾಕಬೇಕಾದದ್ದು ಈ ವ್ಯತ್ಯಾಸಕ್ಕೆ. ನಿಮ್ಮ ಬಸ್ಯಾ ಹೊರಡಬಾರದು, ಕಾಯಬೇಕು.

ಎಲ್ಲ ಕಥೆಯೂ ಹೀಗೆ ಮಗುಚಲು ಬಗ್ಗುವುದಿಲ್ಲ. ನಿದ್ದೆಯಲ್ಲಿರುವ ರಾಜಕುಮಾರಿಗೆ ಅಪರಿಚಿತನೊಬ್ಬ ಮುತ್ತು ಕೊಡುವ ಕಥೆ ಇದೆಯಲ್ಲ, ಅಲ್ಲಿ ಹುಡುಗನನ್ನು ಮಲಗಿಸಿ ಹುಡುಗಿಯಿಂದ ಮುತ್ತು ಕೊಡಿಸಿದರೆ ತಪ್ಪು ಆ ಕಡೆಯಿಂದ ಈ ಕಡೆಗೆ ಬಂತು, ಅಷ್ಟೇ. ಎರಡು ಕೊಡ ನೀರು ಸುರಿದರೆ ಹೂವಿನ ಗಿಡವಾಗುವ ಹುಡುಗಿಯ ಕಥೆ ಮಾತ್ರ ಚೆನ್ನಾಗಿ ತಿರುಗುತ್ತದೆ. ಮೈಯನ್ನೇ ಇನ್ನೊಬ್ಬರ ಕೈಗೆ ಒಪ್ಪಿಸುವ ಭಯ ಗಂಡಿಗೂ ಅಷ್ಟೇ ಇರುತ್ತದೆ. ಅದನ್ನು ಎರಡನೇ ಕಥೆಗೆ ಇಟ್ಟುಕೊಳ್ಳಿ.

2. ಯಾರು ಏನು ಮಾಡುತ್ತಾರೆ, ಯಾರಿಗೆ ಏನು ಆಗುತ್ತದೆ ಅಂತ ಬರೆದುಕೊಳ್ಳಿ

ಹೆಸರು ಬೇಡ, ವರ್ಣನೆ ಬೇಡ. ಒಂದು ಹಾಳೆಯಲ್ಲಿ ಗೆರೆ ಎಳೆದು ಎಡಕ್ಕೆ 'ಮಾಡುವುದು', ಬಲಕ್ಕೆ 'ಆಗುವುದು' ಅಂತ ಬರೆಯಿರಿ. ಆಳುವುದು, ಕರೆಯುವುದು, ಆರಿಸುವುದು, ಹುಡುಕಲು ಜನ ಕಳಿಸುವುದು, ಅಳತೆ ನೋಡುವುದು ಎಡಕ್ಕೆ ಬರುತ್ತವೆ. ಬೈಸಿಕೊಳ್ಳುವುದು, ಕಾಯುವುದು, ಬಚ್ಚಿಡಿಸಿಕೊಳ್ಳುವುದು, ಅಳತೆಗೆ ಒಡ್ಡಿಕೊಳ್ಳುವುದು, ಕರೆದುಕೊಂಡು ಹೋಗಿಸಿಕೊಳ್ಳುವುದು ಬಲಕ್ಕೆ. ಸಿಂಡ್ರೆಲಾಳ ಬದುಕು ಹೆಚ್ಚುಕಮ್ಮಿ ಪೂರ್ತಿ ಬಲಗಡೆ ಇದೆ. ಬಸವನನ್ನು ಅಲ್ಲಿಗೇ ಕಳಿಸಿ. ಪಟ್ಟಿ ಮಾಡುವಾಗ ತಮಾಷೆ ಅನಿಸುತ್ತದೆ, ಬರೆಯಲು ಕೂತಾಗ ಕೈ ತಡೆಯುತ್ತದೆ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಬಸವ ಯಾರಿಗೋ ಒಂದು ಏಟು ಹಾಕಲಿ ಅನಿಸಲು ಶುರುವಾಗುತ್ತದೆ. ಹಾಕಿಸಬೇಡಿ.

3. ಇಡೀ ಊರನ್ನು ಮಗುಚಬೇಕೋ, ಒಂದು ಮನೆಯನ್ನೋ?

ಇದನ್ನು ಮೊದಲೇ ತೀರ್ಮಾನ ಮಾಡದಿದ್ದರೆ ಕಥೆ ಅರ್ಧದಲ್ಲಿ ಎಡವುತ್ತದೆ. ಇಡೀ ಊರನ್ನೇ ಮಗುಚಿದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ದಲಾಲಿ ಮಾಡುವವರು, ದರ ಕಟ್ಟುವವರು ಹೆಂಗಸರು. ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವವರು ಗಂಡಸರು. ನಗು ಬೇಕಾದರೆ ಈ ದಾರಿ ಒಳ್ಳೆಯದು. ಶಾಲೆ ಗ್ಯಾದರಿಂಗಿನ ನಾಟಕಕ್ಕೆ ಹೇಳಿ ಮಾಡಿಸಿದ್ದು.

ನನಗೆ ಎರಡನೇ ದಾರಿ ಇಷ್ಟ. ಊರು ಇದ್ದ ಹಾಗೇ ಇರಲಿ, ಒಂದೆರಡು ಮನೆಯಲ್ಲಿ ಮಾತ್ರ ಲೆಕ್ಕ ತಿರುಗಲಿ. ಆಗ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಬಸವ ಒಬ್ಬನೇ ಗಂಡು. ದಾರಿಯಲ್ಲಿ ಹೋಗುವವರು ನಗುತ್ತಾರೆ. ಪಕ್ಕ ಕೂತ ಹೆಂಗಸರು ಮಾತ್ರ ನಗುವುದಿಲ್ಲ, ಅವರಿಗೆ ಆ ಕೆಲಸ ಗೊತ್ತು. ಉರಿಯುವ ಕೈಗೆ ಹಚ್ಚಿಕೊಳ್ಳಲಿ ಅಂತ ಒಬ್ಬಳು ಸುಮ್ನೆ ಕೊಬ್ಬರಿ ಎಣ್ಣೆ ಡಬ್ಬಿ ಅವನ ಕಡೆ ತಳ್ಳುತ್ತಾಳೆ. ಇಡೀ ಊರನ್ನು ಮಗುಚಿದರೆ ಈ ಎಣ್ಣೆ ಡಬ್ಬಿ ನಿಮಗೆ ಸಿಗುವುದಿಲ್ಲ.

4. ಮಲತಾಯಿ ಹೋಗಿ ಮಲತಂದೆ ಬಂದರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಸರಿಯಾಗಿ ತಿರುಗಿಸಿದರೆ ಲೆಕ್ಕ ಹೀಗಾಗುತ್ತದೆ: ಬಸವನ ಅಪ್ಪ ತೀರಿಕೊಂಡಿದ್ದಾನೆ. ಅವ್ವ ಉಡಿಕಿ ಮಾಡಿಕೊಂಡು ಇನ್ನೊಂದು ಮನೆ ಸೇರಿದ್ದಾಳೆ. ಆ ಮನೆಯಾತನಿಗೆ ಮೊದಲೇ ಇಬ್ಬರು ಗಂಡುಮಕ್ಕಳು. ಅವರು ಬಸವನನ್ನು ಒಲೆ ಮುಂದೆ ಕೂರಿಸುತ್ತಾರೆ. ಅವ್ವ ನೋಡುತ್ತಾಳೆ, ಸುಮ್ಮನಿರುತ್ತಾಳೆ.

ಕೊನೆಯ ವಾಕ್ಯಕ್ಕೆ ಬಂದ ಕೂಡಲೇ ಓದುಗರು ತಡೆಯುತ್ತಾರೆ. ಅವ್ವ ಹೆಂಗ ಸುಮ್ಮನಿದ್ದಾಳು? ಎಂಥಾ ತಾಯಿ ಆಕಿ? ಅವಳು ಯಾಕೆ ಬಾಯಿ ಬಿಡಲಿಲ್ಲ ಅಂತ ನೀವು ಕಾರಣ ಕೊಡಲೇಬೇಕು. ಈಗ ಮೂಲಕ್ಕೆ ಹೋಗಿ ನೋಡಿ. ಸಿಂಡ್ರೆಲಾಳ ಅಪ್ಪ ಪೆರೋ ಕಥೆಯಲ್ಲೂ ಬದುಕಿದ್ದಾನೆ, ಗ್ರಿಮ್ ಕಥೆಯಲ್ಲೂ ಬದುಕಿದ್ದಾನೆ. ಪೆರೋ ಒಂದೇ ಮಾತಿನಲ್ಲಿ ಆತ ಹೆಂಡತಿ ಹೇಳಿದ ಹಾಗೆ ಕೇಳುವವನು ಅಂದು ಮುಗಿಸುತ್ತಾನೆ. ಗ್ರಿಮ್ ಕಥೆಯಲ್ಲಂತೂ ಚಪ್ಪಲಿ ಹಿಡಿದು ಬಂದವರಿಗೆ ಆ ಅಪ್ಪನೇ, ಇನ್ನೊಬ್ಬಳು ಇದ್ದಾಳೆ, ಸತ್ತ ಹೆಂಡತಿ ಬಿಟ್ಟುಹೋದ ಅಡುಗೆಮನೆಯ ಹುಡುಗಿ, ಅವಳಾಗಿರಲು ಸಾಧ್ಯವೇ ಇಲ್ಲ ಅನ್ನುತ್ತಾನೆ. ತಲೆಮಾರುಗಟ್ಟಲೆ ಈ ಕಥೆ ಕೇಳಿದವರು ಮಲತಾಯಿಯನ್ನು ಬೈದರು. ಅಪ್ಪ ಎಲ್ಲಿದ್ದ ಅಂತ ಕೇಳಲಿಲ್ಲ.

ಪಾತ್ರ ಬದಲಾಯಿಸುವುದರಿಂದ ಸಿಗುವ ದೊಡ್ಡ ಲಾಭ ಇದು. ಮೂಲದಲ್ಲಿ ಪುಕ್ಕಟೆಯಾಗಿ ಪಾರಾದವರು ಸಿಕ್ಕಿಬೀಳುತ್ತಾರೆ. ಆದ್ದರಿಂದ ಅವ್ವನಿಗೆ ಕಾರಣ ಕೊಡಿ. ಮೊದಲ ಗಂಡನ ಮನೆ ಬಾಗಿಲು ಮುಚ್ಚಿದೆ. ತವರಿಗೆ ಹೋದರೆ ಅಣ್ಣನ ಹೆಂಡತಿ ಮುಖ ಕೊಟ್ಟು ಮಾತಾಡುವುದಿಲ್ಲ. ಮಗನ ಪರ ಒಂದು ಮಾತಾಡಿದರೆ ಇಬ್ಬರೂ ಬೀದಿಗೆ ಬರುತ್ತಾರೆ ಅನ್ನುವುದು ಅವಳ ಲೆಕ್ಕ. ಆ ಲೆಕ್ಕ ತಪ್ಪಿರಬಹುದು, ಇರಲಿ. ಅವಳನ್ನು ಒಳ್ಳೆಯವಳು ಅಂತ ತೋರಿಸಲು ಹೋಗಬೇಡಿ. ಮಲತಂದೆಯನ್ನೂ ಮೀಸೆ ತಿರುವುವ ರಾಕ್ಷಸ ಮಾಡಬೇಡಿ. ತನ್ನ ಮಕ್ಕಳ ಪಾಲು ಕಡಿಮೆ ಆದೀತು ಅಂತ ಹೆದರಿದ ಸಾಧಾರಣ ಮನುಷ್ಯ ಸಾಕು.

5. ಹುಡುಗನಿಗೆ ಖರೆ ಕೆಲಸ ಕೊಡಿ

'ಅವನು ಮನೆಗೆಲಸ ಮಾಡುತ್ತಿದ್ದ' ಅಂದರೆ ಏನೂ ಕಾಣುವುದಿಲ್ಲ. ಗ್ರಿಮ್ ಕಥೆಯ ಬೇಳೆ ಆರಿಸುವ ಕೆಲಸಕ್ಕೆ ನಮ್ಮ ಊರಿನಲ್ಲಿ ಅದಕ್ಕಿಂತ ಚಲೋ ಜೋಡಿ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಡಿಮೆ, ಮೈತುಂಬ ಸುಕ್ಕು. ಅದರಲ್ಲಿ ಎರಡು ಬಗೆ: ಡುಮ್ಮಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ. ಮಲತಂದೆ ಎರಡನ್ನೂ ಕಲಸಿ ಅಂಗಳದಲ್ಲಿ ಸುರಿಯುತ್ತಾನೆ. ಬೇರೆ ಮಾಡು, ತೊಟ್ಟು ಬಿಡಿಸು, ಆಮೇಲೆ ಜಾತ್ರೆ ಮಾತು. (ಅರಮನೆಯ ಕುಣಿತದ ಜಾಗಕ್ಕೆ ನಮ್ಮ ಕಥೆಯಲ್ಲಿ ಊರ ಜಾತ್ರೆ.)

ಖಾರ ಕಡಿಮೆ ಅಂದರೂ ದಿನವಿಡೀ ಬಿಡಿಸಿದ ಕೈ ಉರಿಯದೆ ಬಿಡುವುದಿಲ್ಲ. ಘಾಟಿಗೆ ಸೀನು ಬರುತ್ತದೆ. ಆ ಕೈಯಲ್ಲಿ ಕಣ್ಣು ಒರೆಸುವ ಹಾಗಿಲ್ಲ, ಅಂದರೆ ಅಳುವ ಹಾಗೂ ಇಲ್ಲ. ಬರೆಯುವವರಿಗೆ ಇದು ಸಿಕ್ಕ ನಿಧಿ. ಹೀಗೆ ಬರೆಯಬಹುದು:

*ಸಂಜೆ ಆಗುವಷ್ಟರಲ್ಲಿ ಬಸವನ ಬೆರಳ ಸಂದಿಯೆಲ್ಲ ಉರಿ. ಹುಬ್ಬಿನಿಂದ ಬೆವರು ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದವನು ಅಲ್ಲೇ ನಿಲ್ಲಿಸಿ, ಮುಖವನ್ನು ಭುಜಕ್ಕೆ ತಿಕ್ಕಿಕೊಂಡ.*

*"ಡಬ್ಬಿ ಒಂದ್ ಕಡೆ, ಕಡ್ಡಿ ಒಂದ್ ಕಡೆ. ಒಂದ್ ಕಾಯಿ ಹೆಚ್ಚುಕಮ್ಮಿ ಆದ್ರ ಜಾತ್ರಿ ಮರ್ತಬಿಡು," ಅಂದ ಮಲತಂದೆ, ಹೊಸ್ತಿಲ ಮೇಲೆ ನಿಂತು.*

*"ಆತ್ರಿ," ಅಂದ ಬಸವ.*

*ಅವ್ವ ಒಳಗಿದ್ದಳು. ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.*

ಇಲ್ಲಿ ಬಸವ ಪಾಪದವನು ಅಂತ ಎಲ್ಲೂ ಹೇಳಿಲ್ಲ. ಅವ್ವನ ಬಗ್ಗೆ ಇರುವುದು ರೊಟ್ಟಿ ಸದ್ದು ಮಾತ್ರ.

ಮೂಲದಲ್ಲಿ ಬೇಳೆ ಆರಿಸಿಕೊಡುವುದು ಪಾರಿವಾಳ. ನೀವು ಗಿಳಿ ತನ್ನಿ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಾಗುವುದಿಲ್ಲ, ಇದು ವಿಜ್ಞಾನವೂ ಒಪ್ಪುವ ಮಾತು. ಹಿಂಡು ಬಂದು ಕೂತು ಎರಡೂ ಬಗೆ ಬೇರೆ ಮಾಡಿ, ಕೂಲಿ ಅಂತ ನಾಲ್ಕು ಕಾಯಿ ತಿಂದು ಹೋಗಲಿ. ಲೆಕ್ಕದಲ್ಲಿ ಆ ನಾಲ್ಕು ಕಾಯಿ ಕಡಿಮೆ ಬಂದು ಬಸವ ಮತ್ತೆ ಬೈಸಿಕೊಳ್ಳಲಿ.

6. ವರ ಕೊಡುವವರು ಯಾರು?

ದೇವತೆಯ ಜಾಗಕ್ಕೆ ದೇವರನ್ನು ತಂದರೆ ಕಥೆ ಭಕ್ತಿಯ ಕಡೆ ವಾಲುತ್ತದೆ. ನಾನು ಸೂಚಿಸುವುದು ದೊಡ್ಡಾಟದಲ್ಲಿ ಜೀವನಪೂರ್ತಿ ಹೆಣ್ಣುವೇಷ ಕಟ್ಟಿದ ಒಬ್ಬ ಅಜ್ಜನನ್ನು. ನಮ್ಮ ದೊಡ್ಡಾಟದಲ್ಲಿ, ಕಂಪನಿ ನಾಟಕಗಳಲ್ಲಿ ಗಂಡಸರು ಸೀರೆ ಉಟ್ಟು ರಂಗಕ್ಕೆ ಬರುವುದು ಬಹಳ ಕಾಲ ನಡೆದ ರೂಢಿ. ಏಣಗಿ ಬಾಳಪ್ಪನಂಥ ದೊಡ್ಡ ನಟರೂ ಹೆಣ್ಣಿನ ಪಾತ್ರ ಮಾಡಿಯೇ ಬೆಳೆದವರು. ಕಥೆಯ ಅಜ್ಜ ರಾತ್ರಿಯಿಡೀ ದ್ರೌಪದಿಯಾಗಿ ಸಾವಿರ ಕಣ್ಣುಗಳ ಮುಂದೆ ನಿಂತವನು, ಹಗಲು ಹೊಲದಲ್ಲಿ ಎತ್ತು ಹೊಡೆದವನು. ನೋಡಿಸಿಕೊಳ್ಳುವುದು ಹೇಗಿರುತ್ತದೆ ಅಂತ ಬಸವನಿಗೆ ಹೇಳಿಕೊಡಲು ಊರಿನಲ್ಲಿ ಅವನಷ್ಟು ತಿಳಿದವನು ಇಲ್ಲ.

ಅವನ ಕೈಯಲ್ಲಿ ಗೋಣಿಚೀಲ ಜರಿ ರುಮಾಲಾಗಲಿ, ಮುರಿದ ಚಕ್ಕಡಿ ಹೊಸದಾಗಲಿ. ಗಡುವು ಮಾತ್ರ ನಡುರಾತ್ರಿ ಇಡಬೇಡಿ. ದೊಡ್ಡಾಟ ಬೆಳತನಕ ನಡೆಯುವ ಆಟ, ಹನ್ನೆರಡಕ್ಕೆ ಜಾತ್ರೆಯಿಂದ ಎದ್ದು ಹೋಗುವವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಕೋಳಿ ಕೂಗುವ ಮುಂಚೆ ಅಂತಿಡಿ.

7. ಚಪ್ಪಲಿ ಬದಲು ಉಡದಾರ

ಗಾಜಿನ ಚಪ್ಪಲಿ ಅಂದರೆ ಮೈಯ ಅಳತೆ. ಚಿಕ್ಕ ಪಾದ ಇರುವವಳು ಚೆಲುವೆ ಅನ್ನುವ ಲೆಕ್ಕ ಅದರ ಹಿಂದಿದೆ. ಒಂಬತ್ತನೇ ಶತಮಾನದ ಚೀನಾದ ಯೆ ಶಿಯನ್ ಕಥೆಯಲ್ಲೂ ಪುಟ್ಟ ಚಪ್ಪಲಿಯೇ ಹುಡುಗಿಯನ್ನು ಹುಡುಕಿ ಕೊಡುತ್ತದೆ. ಗಂಡಿಗೆ ದೊಡ್ಡ ಬೂಟು ಇಟ್ಟರೆ ಅದು ಪರೀಕ್ಷೆಯಾಗದೆ ಹೊಗಳಿಕೆಯಾಗುತ್ತದೆ. ಸ್ವಲ್ಪ ನಾಚಿಕೆ ಆಗುವ ವಸ್ತು ಬೇಕು. ಬೆಳ್ಳಿ ಉಡದಾರ ಸರಿಯಾಗಿ ಕೂರುತ್ತದೆ. ಓಡುವಾಗ ಕೊಂಡಿ ಬಿಟ್ಟು ಧೋತರದಿಂದ ಜಾರಿ ಬೀಳುತ್ತದೆ. ನಮ್ಮ ಕಥೆಯಲ್ಲಿ ರಾಜಕುಮಾರನ ಜಾಗದಲ್ಲಿರುವ ದೇಸಾಯರ ಮಗಳು ಗೌರವ್ವ ಅದನ್ನು ಎತ್ತಿಕೊಳ್ಳುತ್ತಾಳೆ.

ಮರುದಿನ ವಾಡೆಯಿಂದ ಹೊರಟ ಹೆಂಗಸರು ಮನೆಮನೆಗೆ ಹೋಗಿ ಮದುವೆಯಾಗದ ಹುಡುಗರ ನಡು ಅಳೆಯುತ್ತಾರೆ. ಹುಡುಗರು ಸಾಲಾಗಿ ನಿಲ್ಲಬೇಕು. ಅಳೆಯಲು ಬಂದ ಹೆಂಗಸರಿಗೆ ಚಹಾ, ಅವಲಕ್ಕಿ. "ಸ್ವಲ್ಪ ತಿರುಗಪ್ಪಾ. ನಡದು ತೋರ್ಸು." ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತು ಎದ್ದು ಬಂದ ಯಾರಿಗೇ ಆದರೂ ಇದು ಗುರುತು ಸಿಗುತ್ತದೆ, ನೀವು ವಿವರಿಸಬೇಕಾಗಿಲ್ಲ. ದೊಡ್ಡಣ್ಣ ಹೊಟ್ಟೆ ಒಳಗೆ ಎಳೆದುಕೊಂಡು ಉಸಿರು ಬಿಗಿಹಿಡಿಯುತ್ತಾನೆ. ಕೊಂಡಿ ಕೂರುತ್ತದೆ. "ಹೆಸರೇನಪ್ಪಾ?" ಅಂತ ಕೇಳುತ್ತಾರೆ. ಹೇಳಲು ಬಾಯಿ ತೆಗೆಯುತ್ತಾನೆ, ಕೊಂಡಿ ಹಾರಿ ಅವಲಕ್ಕಿ ತಾಟಿಗೆ ಬೀಳುತ್ತದೆ. ಕಾಲ್ಬೆರಳು ಕತ್ತರಿಸುವ ರಕ್ತದ ಜಾಗದಲ್ಲಿ ನಗು ಬಂತು. ನಗು ಬಂದರೂ ಅವಮಾನ ಅಲ್ಲೇ ಇದೆ.

8. ಮಾತು, ವರ್ಣನೆ

ಕಂಪ್ಯೂಟರಿನಲ್ಲಿ ಹೆಸರು ಹುಡುಕಿ ಬದಲಾಯಿಸಿದರೆ ಕನ್ನಡದಲ್ಲಿ ಕೆಲಸ ಆಗುವುದಿಲ್ಲ. ಬಂದಳು, ಬಂದನು, ಅವಳ, ಅವನ ಎಲ್ಲವನ್ನೂ ಕೈಯಲ್ಲೇ ತಿದ್ದಬೇಕು. ಒಳ್ಳೆಯದೇ ಆಯಿತು. ಒಂದೊಂದು ವಾಕ್ಯದ ಮೇಲೂ ಕೂತು ಯೋಚಿಸಲು ನೆಪ ಸಿಗುತ್ತದೆ.

ಗೌರವ್ವನನ್ನು ಅವಳು ಮಾಡಿದ ಕೆಲಸದಿಂದ ಪರಿಚಯಿಸಿ: ಲೆಕ್ಕದ ಪುಸ್ತಕ ನೋಡುತ್ತಾಳೆ, ಕೆರೆ ಹೂಳು ತೆಗೆಸುತ್ತಾಳೆ. ಅವಳ ದನಿ ಕೋಗಿಲೆಯಂತಿತ್ತು ಅಂತ ಬರೆಯುವ ಚಟ ಬಿಡಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಗಂಡುದನಿಯಷ್ಟು ದಪ್ಪವಾಯಿತು, ಆ ದನಿಯಲ್ಲೇ ಅವರು ದೇಶ ಗೆದ್ದರು. ಗೌರವ್ವನಿಗೆ ಅಂಥ ದನಿ ಕೊಡಿ. ಬಸವನನ್ನು ಮಾತ್ರ ಕಣ್ಣಿಗೆ ಕಂಡ ಹಾಗೆ ವರ್ಣಿಸಿ: ಮಣಿಕಟ್ಟು, ಕುತ್ತಿಗೆ, ಈಗಷ್ಟೇ ಬಂದ ಮೀಸೆ. ಹಾಗಂತ ಅವನನ್ನು ನಾಜೂಕಿನ ಹುಡುಗಿ ಮಾಡಬೇಡಿ. ಚೀಲ ಎತ್ತುವ ಹುಡುಗ, ಕೈ ಕೆಂಪಗಿರುವ ಹುಡುಗ.

ಗಾದೆಗಳನ್ನು ಒಂದೆರಡು ಕಡೆ ತಿರುಗಿಸಬಹುದು. ಬಸವನನ್ನು ಕಳಿಸಿಕೊಡುವಾಗ ಓಣಿಯ ಮುದುಕಿ "ಕೊಟ್ಟ ಗಂಡು ಕುಲಕ್ಕ ಹೊರಗ, ತಮ್ಮಾ, ನೆನಪಿಟ್ಕೋ" ಅಂದರೆ ಸಾಕು. ಪುಟಕ್ಕೊಂದು ಹಾಕಿದರೆ ಹಳಸುತ್ತದೆ.

9. ಮನೆ ಅಳಿಯನ ಗಂಟು

ಸಿಂಡ್ರೆಲಾ ಅರಮನೆಗೆ ಹೋದರೆ ಭಾಗ್ಯ. ಬಸವ ವಾಡೆಗೆ ಹೋದರೆ ಊರು ಅವನನ್ನು ಮನೆ ಅಳಿಯ ಅನ್ನುತ್ತದೆ, ಅದೂ ಬಾಯಿ ಓರೆ ಮಾಡಿ. ಈ ಗಂಟನ್ನು ಹಾರಿ ಹೋಗುವ ಬರಹಗಾರರೇ ಜಾಸ್ತಿ. ಮದುವೆ ಆಯಿತು, ಸುಖವಾಗಿದ್ದರು ಅಂತ ಮುಗಿಸಿಬಿಡುತ್ತಾರೆ. ನನ್ನ ಸಲಹೆ: ಚಕ್ಕಡಿ ಏರುವ ಮುಂಚೆ ಬಸವ ಒಂದು ಪ್ರಶ್ನೆ ಕೇಳಲಿ. "ನಾ ಅಲ್ಲಿ ಬಂದು ಏನ್ ಮಾಡ್ಬೇಕ್ರಿ?" ಗೌರವ್ವನ ಹತ್ತಿರ ತಯಾರಿದ್ದ ಉತ್ತರ ಇರಬಾರದು. ಅವಳು ಹುಡುಕಿದ್ದಳು, ಆರಿಸಿದ್ದಳು, ಅದರ ಮುಂದಿನದನ್ನು ಯೋಚಿಸಿರಲಿಲ್ಲ. ಅವರಿಬ್ಬರೂ ಅಲ್ಲೇ ಅಂಗಳದಲ್ಲಿ ಕೂತು ಮಾತಾಡಲಿ. ಎರಡು ಪುಟ ಬೇಕಾದರೂ ಕೊಡಿ.

ಅಣ್ಣಂದಿರಿಗೆ ಶಿಕ್ಷೆ ಏನು? ಗ್ರಿಮ್ ಕಥೆಯಲ್ಲಿ ಹಕ್ಕಿಗಳು ಅಕ್ಕಂದಿರ ಕಣ್ಣು ಕುಕ್ಕುತ್ತವೆ, ಪೆರೋ ಕ್ಷಮಿಸಿ ಅವರಿಗೂ ಮದುವೆ ಮಾಡಿಸುತ್ತಾನೆ. ಅಣ್ಣಂದಿರನ್ನು ಮೆಣಸಿನಕಾಯಿ ಬಿಡಿಸಲು ಕೂರಿಸೋಣ ಅಂತ ಕೈ ತುರಿಸುತ್ತದೆ. ಬೇಡ. ಹೊಟ್ಟೆಪಾಡಿಗೆ ಅದನ್ನೇ ಮಾಡುವ ಹೆಂಗಸರು ಪಕ್ಕದಲ್ಲೇ ಕೂತಿದ್ದಾರೆ, ಅವರ ಕೆಲಸ ಶಿಕ್ಷೆ ಅಂತ ಆಗುತ್ತದೆ.

10. ಗಟ್ಟಿಯಾಗಿ ಓದಿ

ಬರೆದು ಮುಗಿದ ಮೇಲೆ ಒಂದು ಪರೀಕ್ಷೆ ಇದೆ. ಮನಸ್ಸಿನಲ್ಲೇ ಬಸವನ ಜಾಗಕ್ಕೆ ಮತ್ತೆ ಹುಡುಗಿಯನ್ನು ಕೂರಿಸಿ ನೋಡಿ. ಒಂದು ದೃಶ್ಯವೂ ಅಲುಗಾಡದೆ ಕಥೆ ಹಾಗೇ ನಡೆದರೆ ನೀವು ಹೆಸರು ಬದಲಾಯಿಸಿದ್ದೀರಿ, ಅಷ್ಟೇ. ಅವ್ವನ ಮೌನ, ಉಡದಾರ, ಚಕ್ಕಡಿ ಮುಂದಿನ ಪ್ರಶ್ನೆ ಈ ಮೂರೂ ಆಗ ವಿಚಿತ್ರವಾಗಿ ಕಾಣಬೇಕು.

ಆಮೇಲೆ ನಾಲ್ಕು ಜನರ ಮುಂದೆ ಓದಿ. ವಯಸ್ಸಾದ ಹೆಂಗಸರು ಇದ್ದರೆ ಒಳ್ಳೆಯದು, ಕಥೆ ಹೇಳಿ ಗೊತ್ತಿರುವವರು ಅವರೇ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೆ, ಇಂಥ ಕಥೆಗಳ ಬೇರೆ ಬೇರೆ ಪಾಠ ಹುಡುಕುವವರು ಅಲ್ಲಿಗೂ ಹೋಗಿ ವಿಚಾರಿಸಬಹುದು. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ, ಜನ ನಕ್ಕ ಕಡೆಯೆಲ್ಲ ಗುರುತು ಹಾಕಿ. ದೊಡ್ಡಣ್ಣನ ಕೊಂಡಿ ಹಾರಿದಾಗ ನಕ್ಕರೆ ಕಥೆ ಸರಿಯಾಗಿದೆ. ಬಸವ ಒಲೆ ಮುಂದೆ ಕೂತ ಅನ್ನುವಾಗಲೇ ನಕ್ಕರೆ ಕೇಳುವವರನ್ನು ಬೈಯಬೇಡಿ. ಮೆಣಸಿನಕಾಯಿ ಭಾಗವನ್ನು ಅದಕ್ಕಿಂತ ಮುಂಚೆ ತನ್ನಿ. ಉರಿಯುವ ಕೈಯನ್ನು ಮೊದಲು ತೋರಿಸಿ, ಅದು ಗಂಡಿನ ಕೈ ಅಂತ ಎರಡು ಸಾಲು ಬಿಟ್ಟು ಹೇಳಿ, ಇನ್ನೊಂದು ದಿನ ಬೇರೆ ನಾಲ್ಕು ಜನರ ಮುಂದೆ ಓದಿ.